ಗಾಲಿ ಬೆಚ್ಚಗಾಗುವ ತನಕ

ಬಂಕಾಪುರ
27-10-1980

ಇವರಿಗೆ,

ಮೊದಲು ಅಕ್ಷರದ ಮಾತು. ಸಾಲುಗಳು ಸೊಟ್ಟಾಗಿವೆ, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ. ಬೇಸರ ಮಾಡಿಕೊಳ್ಳದೆ ತಿದ್ದಿಕೊಂಡು ಓದಿರಿ. ಹಾನಗಲ್ ಕಡೆಯ ನಮ್ಮ ಆಡೂರಿನ ಸಾಲೆಯಲ್ಲಿ ನಾನು ಕಲಿತದ್ದು ನಾಲ್ಕನೆಯ ಇಯತ್ತೆಯ ತನಕ ಮಾತ್ರ. ಅಲ್ಲಿ ನಮಗೆ ಕಲಿಸಿದ್ದು ಊರಿಗೆ ಹೋದ ತಂದೆಗೆ ಬರೆಯುವ ಪತ್ರ ಮತ್ತು ಹೆಡ್ ಮಾಸ್ತರರಿಗೆ ಬರೆಯುವ ರಜೆ ಅರ್ಜಿ. ಗಂಡನಿಗೆ ಬರೆಯುವುದನ್ನು ಯಾರೂ ಕಲಿಸಲಿಲ್ಲ. ಮೇಲೆ ಏನೆಂದು ಕರೆಯಬೇಕೋ ತಿಳಿಯದೆ 'ಇವರಿಗೆ' ಎಂದು ಬರೆದೆ.

ಇಷ್ಟು ದಿನ ನಮ್ಮ ಮನೆಯ ಪತ್ರವನ್ನು ಮಧ್ವೇಶ ಮಾಸ್ತರರು ಬರೆದುಕೊಡುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಹೇಳುವುದು, ಅವರು ಬರೆಯುವುದು, ನಾನು ಬಾಗಿಲ ಹಿಂದೆ ನಿಂತು ಕೇಳುವುದು. ಕೊನೆಗೆ ಮಾಸ್ತರರು, ಶಾರವ್ವಂದೇನರೆ ಬರೀಲೇನು ಎಂದು ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ. ಹೇಳುವುದು ಇರುತ್ತಿರಲಿಲ್ಲ ಎಂದಲ್ಲ. ಈ ಸಲದ ಮಾತಂತೂ ಬೇರೆಯವರ ಕೈಯಿಂದ ಬರೆಸುವಂಥದ್ದಲ್ಲ. ಲಕೋಟೆಯ ಮೇಲೆ ನಿಮ್ಮ ಹೆಸರನ್ನೂ ನಾನೇ ಬರೆಯಬೇಕು. ಬಾಯಿಯಿಂದ ಒಮ್ಮೆಯೂ ಹೇಳದ ಹೆಸರು. ಹಾಳೆಯ ಹಿಂದೆ ಸೀಸದ ಕಡ್ಡಿಯಿಂದ ಬರೆದು ನೋಡಿ ಅಳಿಸಿದ್ದೇನೆ. ಗುರುತು ಉಳಿದಿದ್ದರೆ ನಗಬೇಡಿರಿ.

ನಿಮ್ಮ ಗಾಡಿ ಬಿದ್ದಿದೆ. ಬೀಳಿಸಿದವಳು ನಾನು.

ಮಹಾನವಮಿಯ ದಿನ ಖಂಡೇಪೂಜೆಗೆಂದು ಕುಡಗೋಲು, ಕೊಡಲಿ, ಸಲಿಕೆ ಎಲ್ಲವನ್ನೂ ತೊಳೆದು ಅಂಗಳದಲ್ಲಿಟ್ಟೆವು. ನಿಮ್ಮ ರಾಜದೂತ ಫಟಫಟಿಯನ್ನು ನಾನೇ ಕೊಟ್ಟಿಗೆಯಿಂದ ತಳ್ಳಿಕೊಂಡು ಬಂದು ತೊಳೆದೆ. ಅತ್ತೆ ಎಮ್ಮೆಯ ಕೊಂಬಿಗೆಂದು ಬಟ್ಟಲ ತುಂಬ ಔಡಲೆಣ್ಣೆ ತಂದಿದ್ದರು. ಕೊಂಬಿಗೆ ಹಚ್ಚಿದರು, ಸಲಿಕೆಯ ಕಾವಿಗೆ ಹಚ್ಚಿದರು, ಆಮೇಲೆ ಗಾಡಿಯ ಮುಂದೆ ಬಂದು ನಿಂತರು. ಇದೊಂದು ಯಾಕ ಒಣಾ ನಿಲ್ಲಬೇಕು, ಅಂವ ಇದ್ದಿದ್ರ ಒರಸಿ ಒರಸಿ ಮಿಂಚಸ್ತಿದ್ದ ಎಂದರು. ಗಾಲಿಯ ಮುಂದೆ ಕಾಲು ಮಡಿಚಿ ಕೂತು, ಅಂಗೈಗೆ ಎಣ್ಣೆ ಸುರುವಿಕೊಂಡು ರಬ್ಬರಿಗೆ ತಿಕ್ಕತೊಡಗಿದರು. ಅವಸರವೇ ಇಲ್ಲ. ಕಾಲ ಮೇಲೆ ಹಾಕಿಕೊಂಡ ಕೂಸಿಗೆ ಹಚ್ಚುವ ಹಾಗೆ, ಸಂದುಸಂದಿಗೂ ಬೆರಳು ಇಳಿಸಿ ಹಚ್ಚಿದರು. ಬಟ್ಟಲಲ್ಲಿ ಉಳಿದದ್ದನ್ನು ತಮ್ಮ ನೆತ್ತಿಗೆ ಒರೆಸಿಕೊಂಡು ಎದ್ದರು. ಗಾಲಿಗಳು ಕರಿಗಡಿಗೆಯ ಹಾಗೆ ಮಿಂಚುತ್ತಿದ್ದವು. ನೋಡಿ ನನಗೂ ಖುಷಿಯಾಯಿತು.

ಮರುದಿನ ವಿಜಯದಶಮಿ. ಸಂಜೆಗೆ ಊರಿನ ಗಂಡಸರೆಲ್ಲ ಹೋಗಿ ಬನ್ನಿ ಗಿಡವನ್ನು ಬೋಳಿಸಿಬಿಡುತ್ತಾರೆ. ನಿಮ್ಮ ಪಾಲಿನ ಬನ್ನಿಯನ್ನು ಅವರಿಗಿಂತ ಮೊದಲೇ ಕಿತ್ತು ತಂದು ಪತ್ರದಲ್ಲಿಡಬೇಕೆಂದು ನನ್ನ ಆಸೆ. ನಸುಕಿನಲ್ಲಿ ಎದ್ದೆ. ಪೂಜೆ ಮುರಿಯಲು ಗಾಡಿಯನ್ನು ಲಿಂಬೆಹಣ್ಣಿನ ಮೇಲೆ ಹಾಯಿಸಬೇಕಿತ್ತು. ಚಾಲೂ ಮಾಡಿ ಹಾಯಿಸಿದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಹೋದ ಮಾಗಿಯಲ್ಲಿ ನೀವು ರಜೆಗೆ ಬಂದಾಗ, ಊರು ಏಳುವ ಮೊದಲು ಕೋಟೆಯ ಬಯಲಿನಲ್ಲಿ ನನಗೆ ಗಾಡಿ ಕಲಿಸಿದಿರಲ್ಲ. ಗೋಡೆಯ ಮೇಲೆ ನವಿಲುಗಳು ಕೂತು ನಮ್ಮನ್ನು ನೋಡುತ್ತಿದ್ದವು. ನೀವು ಹಿಂದೆ ಕೂತು ಕಿವಿಯ ಹತ್ತಿರ ಹೇಳುತ್ತಿದ್ದಿರಿ: "ಗಾಲಿ ಬೆಚ್ಚಗಾಗೂ ತನಕ ಸಾವಕಾಶ. ತಣ್ಣನ ಗಾಲಿಗೆ ನೆಲಾ ಹಿಡಿಯಾಕ ಬರೂದಿಲ್ಲ." ಆ ಮಾತು ನೆನಪಿತ್ತು. ಆದರೆ ಬೆನ್ನ ಹಿಂದೆ ನೀವು ಇರಲಿಲ್ಲ. ಒಬ್ಬಳೇ ಹೊಡೆಯುವ ಖುಷಿಯಲ್ಲಿ, ಇಬ್ಬನಿ ಬಿದ್ದ ಕೆರೆ ಏರಿಯ ತಿರುವಿನಲ್ಲಿ ನೀವು ಬಗ್ಗುವ ಹಾಗೆ ಬಗ್ಗಿದೆ. ಹಿಂದಿನ ಗಾಲಿ ಸಾಬಾಣದ ಮೇಲೆ ಕಾಲಿಟ್ಟ ಹಾಗೆ ಜಾರಿತು.

ಆದದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಮುಂದಿನ ದೀಪದ ಗಾಜು ಒಡೆದಿದೆ. ಹ್ಯಾಂಡಲ್ ಮುನಿಸಿಕೊಂಡವರ ಹಾಗೆ ಒಂದು ಕಡೆ ತಿರುಗಿದೆ. ಬ್ರೇಕಿನ ಹಿಡಿಕೆ ಅರ್ಧಕ್ಕೆ ಮುರಿದಿದೆ, ಕಾಲಿಡುವ ಕಬ್ಬಿಣ ಮಡಿಚಿಕೊಂಡಿದೆ. ಪೆಟ್ರೋಲ್ ಟಾಕಿಯ ಮೇಲೆ ಅಂಗೈ ಹಿಡಿಸುವಷ್ಟು ತಗ್ಗು ಬಿದ್ದಿದೆ. ನನಗೆ ಮೊಣಕಾಲು ತರಚಿದೆ, ಬಲಗೈಯ ಮಣಿಕಟ್ಟು ಉಳುಕಿದೆ. ಅದಕ್ಕೇ ಈ ಅಕ್ಷರ.

ಎಬ್ಬಿಸುವಾಗ ಗಾಲಿಗೆ ಕೈ ಹಾಕಿದೆ. ಅಂಗೈಗೆ ಎಣ್ಣೆ ಹತ್ತಿತು. ಮೂಗಿನ ಹತ್ತಿರ ಹಿಡಿದು ನೋಡಿದೆ. ಔಡಲೆಣ್ಣೆ. ಸೆರಗಿಗೆ ಒರೆಸಿಕೊಂಡೆ. ಅತ್ತೆಗೆ ಹೇಳಿಲ್ಲ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮೊಣಕಾಲಿಗೆ ಅರಿಷಿಣ ಹಚ್ಚಿ, ಕೊಟ್ಟಿಗೆಯ ಬಾಗಿಲಿಗೆ ಹೋಗಿ ಗಾಡಿಯನ್ನು ನೋಡುತ್ತ ನಿಂತರು. "ದಸಮಿ ದಿನಾ ನನ್ನ ಮಗನ ಗಾಡಿ ನೆಲಾ ಹಿಡೀತು. ಅಲ್ಲಿ ಅಂವಗ ಏನ ಆಗೇತೋ" ಎಂದರು. ಅಂದಿನಿಂದ ಒಪ್ಪತ್ತು ಊಟ. ನಿಮ್ಮ ಪತ್ರ ಬರುವ ತನಕ ಹೀಗೇ ಎಂದು ಉಡಚಮ್ಮನಿಗೆ ಬೇಡಿಕೊಂಡಿದ್ದಾರೆ. ಗಾಡಿಯನ್ನು ಇನ್ನು ಈ ಮನೆಯಲ್ಲಿ ಇಡುವುದು ಬೇಡ, ಹಿರೇಕೆರೂರಿನ ಮಗಳ ಮನೆಗೆ ಕಳಿಸೋಣ ಎನ್ನುತ್ತಿದ್ದಾರೆ.

ಎರಡು ಸಾಲಾದರೂ ಬೇಗ ಬರೆಯಿರಿ. ಬನ್ನಿ ಇಟ್ಟಿದ್ದೇನೆ. ಬಿದ್ದ ಮೇಲೆ ಕುಂಟಿಕೊಂಡು ಗಿಡದ ತನಕ ಹೋಗಿ ತಂದದ್ದು. ಬನ್ನಿ ತಗೊಂಡು ಬಂಗಾರದಂಗ ಇರೋಣು.

ನಿಮ್ಮ ಮನೆಯಿಂದ,
ಶಾರವ್ವ


ಬಂಕಾಪುರ
18-11-1980

ಇವರಿಗೆ,

ಹಿಂದಿನ ಪತ್ರ ಮುಟ್ಟಿತೋ ಇಲ್ಲವೋ. ಪೋಸ್ಟಮನ್ ಉಳಿವೆಪ್ಪ ಈಗ ನಮ್ಮ ಮನೆಯ ತನಕ ಬರುವುದೇ ಇಲ್ಲ. ಓಣಿಯ ತುದಿಯಲ್ಲಿ ಸೈಕಲ್ ನಿಲ್ಲಿಸಿ, ಕಟ್ಟೆಯ ಮೇಲೆ ಕೂತ ಅತ್ತೆಯ ಕಡೆ ನೋಡಿ ತಲೆ ಅಲ್ಲಾಡಿಸಿ ಹೋಗುತ್ತಾನೆ. ಅತ್ತೆ ಅವನಿಗೇ ಸಿಟ್ಟು ಮಾಡುತ್ತಾರೆ. ಹತ್ರ ಬಂದು ಇಲ್ಲ ಅನ್ನಾಕ ಅವಂಗೇನ ಆಗೇತಿ ಅಂತ. ಗುಡ್ಡದ ಮೇಲಿನ ರಸ್ತೆ ಹಿಮಕ್ಕೆ ಮುಚ್ಚಿರಬೇಕು, ಟಪಾಲು ತಡವಾಗುತ್ತದೆ ಎಂದು ಮಧ್ವೇಶ ಮಾಸ್ತರರು ಸಮಾಧಾನ ಹೇಳಿದರು. ಹಿಮ ಎಂದರೇನೆಂದು ಅತ್ತೆ ಕೇಳಿದರು. ಮಾಸ್ತರರು ಬಹಳ ಹೊತ್ತು ವಿವರಿಸಿದರು. ಕೊನೆಗೆ ಅತ್ತೆ, ಅಂದ್ರ ಅಲ್ಲಿ ಅರವೀನೂ ಒಣಗೂದಿಲ್ಲ ಅನ್ರಿ ಎಂದು ಎದ್ದು ಹೋದರು.

ದೀಪಾವಳಿಗೆ ನಾನು ತವರಿಗೆ ಹೋಗಲಿಲ್ಲ. ಅಪ್ಪ ಕರೆಯಲು ಬಂದು, ಬರಿಗೈಯಲ್ಲಿ ಆಡೂರಿಗೆ ತಿರುಗಿ ಹೋದ. ನಾನು ಹೋದ ದಿನವೇ ನಿಮ್ಮ ಪತ್ರ ಬಂದರೆ ಓದಿ ಹೇಳುವವರು ಯಾರು?

ಹಿರೇಕೆರೂರಿನಿಂದ ನಿಮ್ಮ ಅಕ್ಕ ಮಾದೇವಿ, ಅವರ ಗಂಡ ಫಕ್ಕೀರಪ್ಪ ಮಾವ ಬಂದಿದ್ದರು. ಮಾವ ಊಟಕ್ಕೆ ಕೂಡುವ ಮೊದಲೇ ಕೊಟ್ಟಿಗೆಗೆ ಹೋದರು. ಗೋಣಿ ತಾಟು ಸರಿಸಿ, ಗಾಡಿಯ ಸುತ್ತ ಸುತ್ತಿ, ಹಾರನ್ ಒತ್ತಿ ನೋಡಿದರು. ಅದು ಕೂಗಿತು. ದನಿ ಒಂದು ಗಟ್ಟಿ ಉಳದೈತಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಶಾರವ್ವಾ, ನೀ ಫಟಫಟಿ ಹೊಡಿಯಾಕ ಹತ್ತಿದಿ ಅಂದ್ರ ಇನ್ನ ನಾವು ಗಂಡಸರು ಮುಸುರಿ ತಿಕ್ಕೂದ ಬರೋಬರಿ" ಎಂದರು. ಅಕ್ಕ ನಕ್ಕರು. ನನಗೂ ನಗು ಬಂತು. ಅತ್ತೆಗೆ ಮಾತ್ರ ಬರಲಿಲ್ಲ. ಒಯ್ಯುವುದಾದರೆ ಇವತ್ತೇ ಒಯ್ಯಿರಿ, ನನಗೆ ಅದರ ಮುಖ ನೋಡುವುದು ಬೇಡ ಎಂದುಬಿಟ್ಟರು. ಮಾವ ಆಗಲೇ ಚಕ್ಕಡಿ ಯಾರದಿದೆ ಎಂದು ವಿಚಾರಿಸತೊಡಗಿದರು.

ನಾನು ದೊಡ್ಡವರ ಎದುರಿಗೆ ಮಾತಾಡುವವಳಲ್ಲ, ನಿಮಗೆ ಗೊತ್ತು. ಅಂದು ಕೊಟ್ಟಿಗೆಯ ಬಾಗಿಲಲ್ಲಿ ಹೇಗೆ ನಿಂತೆನೋ, ಬಾಯಿ ಹೇಗೆ ಬಿಟ್ಟೆನೋ. "ಅವರು ಬಂದು ಕೊಡು ಅಂದ್ರ ನಾನ ತಳ್ಳಿಕೊಂಡು ಬಂದು ಕೊಡ್ತೇನ್ರಿ ಮಾವಾ. ಅಲ್ಲೀತನ ಇದು ಇಲ್ಲೇ ಇರಲಿ" ಎಂದೆ. ಕೊನೆಗೆ ಮಾವನೇ, ಸಂಕ್ರಾಂತಿಯ ಹೊತ್ತಿಗೆ ಹತ್ತಿ ಹೇರಿಕೊಂಡು ಟ್ರ್ಯಾಕ್ಟರ್ ಈ ಕಡೆ ಬರುತ್ತದೆ, ಆಗ ಒಯ್ದರಾಯಿತು ಎಂದರು. ಅಷ್ಟು ದಿನ ಸಿಕ್ಕಿದೆ.

ನನ್ನ ಮುಂದಿರುವ ಕಷ್ಟವನ್ನು ನಿಮಗಲ್ಲದೆ ಯಾರಿಗೆ ಹೇಳಲಿ. ಬಿದ್ದದ್ದು ಅಪಶಕುನದಿಂದಲ್ಲ, ಎಣ್ಣೆಯಿಂದ ಎಂದು ಅತ್ತೆಗೆ ಹೇಳಿದರೆ ಅವರ ಅಂಜಿಕೆ ಅಲ್ಲಿಗೇ ಹರಿಯುತ್ತದೆ. ಎರಡು ಹೊತ್ತು ಉಣ್ಣುತ್ತಾರೆ. ಗಾಡಿಯೂ ಮನೆಯಲ್ಲಿ ಉಳಿಯುತ್ತದೆ. ಆದರೆ ಆ ಎಣ್ಣೆ ಹಚ್ಚಿದ ಕೈ ಯಾರದು? ನೀವು ಇಲ್ಲದ ಮನೆಯಲ್ಲಿ, ನಿಮ್ಮ ಮೈ ಮುಟ್ಟಲು ಸಿಗದ ಆ ಕೈ ನಿಮ್ಮ ಗಾಡಿಯನ್ನು ಮುಟ್ಟಿತು. ಅದೇ ಕೈಯಿಂದ ಸೊಸೆ ಬಿದ್ದಳು, ಕೈಕಾಲು ಹೋಗುವುದು ಸ್ವಲ್ಪದರಲ್ಲಿ ಉಳಿಯಿತು ಎಂದು ತಿಳಿದರೆ ಅವರು ಆ ಕೈಯನ್ನು ಏನು ಮಾಡಿಕೊಳ್ಳುತ್ತಾರೆ? ನಿನ್ನೆ ಮುಂಜಾನೆ ರೊಟ್ಟಿ ಬಡಿಯುವಾಗ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರು ನನ್ನ ಮಣಿಕಟ್ಟನ್ನು ಹಿಡಿದು, ಬಾವು ಇಳದೈತೇನವಾ ಎಂದರು. ಹೇಳಲಾಗಲಿಲ್ಲ.

ದಿನಾ ಕಸ ಗುಡಿಸುವ ನೆವದಲ್ಲಿ ಕೊಟ್ಟಿಗೆಗೆ ಹೋಗುತ್ತೇನೆ. ಸವಣೂರಿನ ಎಲೆ ವ್ಯಾಪಾರಿಯ ಹತ್ತಿರ ನೀವು ಈ ಗಾಡಿ ತಗೊಂಡು ವರ್ಷಗಳಾದವು, ಆದರೂ ಸೀಟಿನ ಹೊಲಿಗೆಯ ಹತ್ತಿರ ಮುಖ ಇಟ್ಟರೆ ಇನ್ನೂ ವೀಳ್ಯದೆಲೆಯ ವಾಸನೆ ಇದೆ. ನಿಮ್ಮ ವಾಸನೆ ಉಳಿದಿಲ್ಲ. ಹುಡುಕಿ ನೋಡಿದ್ದೇನೆ.

ದಾರಿ ನೋಡುತ್ತಿರುವ,
ಶಾರವ್ವ


ಊರಿನ ಹೆಸರು ಬರೆಯುವಂತಿಲ್ಲ
29-11-1980

ಶಾರಾ,

ನಿನ್ನ ಎರಡೂ ಪತ್ರ ಒಂದೇ ದಿನ ಬಂದವು. ನಿನ್ನ ಅಕ್ಷರಕ್ಕೆ ಏನೂ ಆಗಿಲ್ಲ, ಒಂದೊಂದೂ ಓದಲು ಬಂತು. ನನ್ನ ಅಕ್ಷರವೇ ಈ ಸಲ ಕೆಟ್ಟಿದೆ, ಕ್ಷಮಿಸು. ಇಲ್ಲಿ ಚಳಿ ಬಹಳ, ಬೆರಳು ಮಾತು ಕೇಳುವುದಿಲ್ಲ. ಅಂಜಬೇಡ.

ಇದನ್ನು ಅವ್ವನಿಗೆ ಓದಿ ಹೇಳು. ಅವ್ವಾ, ನಾನು ಆರಾಮ ಇದ್ದೇನೆ. ಎರಡು ಹೊತ್ತು ಉಣ್ಣು. ಗಾಡಿ ಬಿದ್ದದ್ದಕ್ಕೆ ದಸಮಿ ಕಾರಣ ಅಲ್ಲ, ಶಾರಿಯ ತಪ್ಪೂ ಅಲ್ಲ. ಗಾಲಿ ತಣ್ಣಗಿತ್ತು. ರಾತ್ರಿಯೆಲ್ಲ ನಿಂತ ಗಾಲಿಯ ರಬ್ಬರ್ ಚಳಿಗೆ ಬಿರುಸಾಗುತ್ತದೆ. ನಾಲ್ಕು ಮಾರು ಓಡಿ ಬೆಚ್ಚಗಾಗುವ ತನಕ ಅದಕ್ಕೆ ನೆಲ ಹಿಡಿಯಲು ಬರುವುದಿಲ್ಲ. ಇಲ್ಲಿ ನಾನು ಹೊಡೆಯುವ ಮಿಲಿಟರಿ ಲಾರಿಯ ಗಾಲಿ ಮುಂಜಾನೆ ಕಟ್ಟಿಗೆಯ ಹಾಗೆ ಇರುತ್ತದೆ. ನಿಂತ ಜಾಗದಲ್ಲಿ ಚಪ್ಪಟೆಯಾಗಿ, ಹೊರಟಾಗ ಸ್ವಲ್ಪ ದೂರ ಕುಂಟುತ್ತದೆ. ಇಂಜಿನ್ನಿನ ಕೆಳಗೆ ಬೆಂಕಿ ಇಟ್ಟು ಕಾಸಿ, ಲಾರಿಯನ್ನು ಮುದುಕಿಯರ ಹಾಗೆ ನಡೆಸುತ್ತೇವೆ. ಆದರೂ ದಿನಾ ಯಾರಾದರೊಬ್ಬರು ಜಾರುತ್ತಾರೆ. ಜಾರಿದ ದಿನ ಯಾವ ತಿಥಿ ಎಂದು ಇಲ್ಲಿ ಯಾರೂ ನೋಡುವುದಿಲ್ಲ. ಗಾಡಿ ಎಲ್ಲಿಗೂ ಕಳಿಸಬೇಡ.

ಅವ್ವನಿಗೆ ಇಲ್ಲಿಗೆ ಸಾಕು. ಕೆಳಗಿನದು ನಿನಗೆ.

ಎಣ್ಣೆಯ ಮಾತು ನಮ್ಮಿಬ್ಬರಲ್ಲೇ ಇರಲಿ. ತಣ್ಣನೆಯ ಗಾಲಿಯ ಮಾತೂ ಸುಳ್ಳಲ್ಲವಲ್ಲ. ಇಬ್ಬನಿ ಬಿದ್ದ ಮುಂಜಾನೆ ಎಣ್ಣೆ ಇಲ್ಲದಿದ್ದರೂ ನೀನು ಬೀಳುತ್ತಿದ್ದಿಯೋ ಏನೋ. ಸಣ್ಣವನಿದ್ದಾಗ ಅವ್ವ ನನ್ನನ್ನು ಕಾಲ ಮೇಲೆ ಹಾಕಿಕೊಂಡು ಆ ಎಣ್ಣೆಯನ್ನು ಕಣ್ಣಿಗೆ ಇಳಿಯುವಷ್ಟು ಹಚ್ಚುತ್ತಿದ್ದಳು. ನಾನು ಅಳುತ್ತಿದ್ದೆ. ನಿನ್ನ ಪತ್ರ ಓದಿದಾಗ ಈ ಚಳಿಯಲ್ಲಿ ನನಗೆ ಆ ವಾಸನೆ ಬಂತು. ಲಾರಿಯ ಕೆಳಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ, ಏನೋ ರಿಪೇರಿ ಮಾಡುವವನ ಹಾಗೆ.

ನಿನ್ನ ಮೊಣಕಾಲು ಹೇಗಿದೆ ಎಂದು ಎರಡನೆಯ ಪತ್ರದಲ್ಲಿ ನೀನು ಬರೆದೇ ಇಲ್ಲ. ಬನ್ನಿ ಒಣಗಿ ಪುಡಿಯಾಗಿದೆ, ಒಂದು ಎಲೆ ಉಳಿದಿದೆ. ಅದನ್ನು ಲಾರಿಯ ಮುಂದಿನ ಗಾಜಿಗೆ ಸಿಕ್ಕಿಸಿದ್ದೇನೆ. ಪಕ್ಕದಲ್ಲಿ ಕೂಡುವವನು, ಇದೇನು ಎಂದು ಕೇಳಿದ. ನಮ್ಮೂರ ಬಂಗಾರ ಎಂದೆ.

ರಜೆ ಯಾವಾಗ ಎಂದು ಕೇಳಬೇಡ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ನಿನ್ನ,
ನೀಲಪ್ಪ


ಬಂಕಾಪುರ
26-12-1980

ಇವರಿಗೆ,

ಪತ್ರ ಬಂತು. ಉಳಿವೆಪ್ಪ ಓಣಿಯ ತುದಿಯಿಂದಲೇ ಗಂಟೆ ಬಾರಿಸಿಕೊಂಡು ಬಂದ. ಅತ್ತೆ ಕಟ್ಟೆಯಿಂದ ಇಳಿಯಲು ಹೋಗಿ ಚೆಂಬು ಉರುಳಿಸಿದರು. ನೀವು ಹೇಳಿದಷ್ಟನ್ನು ಓದಿದೆ. ಅಲ್ಲಿಗೆ ನಿಲ್ಲಿಸಿದಾಗ, ಇನ್ನ ಹಾಳಿ ತುಂಬ ಐತಲ್ಲವಾ ಎಂದರು. ನಾನು ತಲೆ ತಗ್ಗಿಸಿದೆ. ಹೋಗ್ಲಿ ಬಿಡು, ಅದು ನಿಂದು ಎಂದರು. ನನಗೆ ಮುಖ ಎತ್ತಲು ಬಹಳ ಹೊತ್ತು ಬೇಕಾಯಿತು.

ಅಂದು ರಾತ್ರಿ ಅತ್ತೆ ಉಂಡರು. ಎರಡನೆಯ ರೊಟ್ಟಿ ತಾವೇ ಕೇಳಿ ಹಾಕಿಸಿಕೊಂಡರು. ಉಣ್ಣುತ್ತ ಉಣ್ಣುತ್ತ, "ಗಾಲಿಗೂ ಥಂಡಿ ಹತ್ತತೈತೇನು?" ಎಂದು ಕೇಳಿದರು. ಹೌದಂತ್ರಿ ಎಂದೆ. ಮೂಕಪ್ರಾಣಿ ಇದ್ದಂಗ ಅನ್ನು, ನಮಗೇನ ತಿಳೀಬೇಕು ಎಂದರು.

ಮುಂಜಾನೆ ನೋಡಿದರೆ, ಅತ್ತೆ ಪೆಟ್ಟಿಗೆಯಿಂದ ಹಳೆಯ ಕೌದಿ ತೆಗೆದುಕೊಂಡು ಕೊಟ್ಟಿಗೆಗೆ ಹೊರಟಿದ್ದರು. ನೀವು ಸಣ್ಣವರಿದ್ದಾಗ ಹೊದೆಯುತ್ತಿದ್ದ, ಕೆಂಪು ಅಂಚಿನದು. ಗಾಲಿಗೆ ಹೊದಿಸುತ್ತಾರಂತೆ. ನಾನು ಎಮ್ಮೆಯ ಹಾಲು ಹಿಂಡುತ್ತ ಅಲ್ಲೇ ಇದ್ದೆ. ಗೋಣಿ ತಾಟು ತೆಗೆದರು, ಮುಂದಿನ ಗಾಲಿಯ ಹತ್ತಿರ ಕೂತರು, ಕೌದಿಯ ತುದಿಯಿಂದ ಧೂಳು ಒರೆಸಲು ಹೋದರು. ಒರೆಸಿದರು. ಮತ್ತೆ ಒರೆಸಿದರು. ಆಮೇಲೆ ಕೈ ನಿಂತಿತು.

ಬಹಳ ಹೊತ್ತು ಹಾಗೇ ಕೂತಿದ್ದರು. ಕೊನೆಗೆ ಎದ್ದು ಎರಡೂ ಗಾಲಿಗೆ ಕೌದಿ ಸುತ್ತಿ, ನನ್ನ ಕಡೆ ನೋಡದೆ ಒಳಗೆ ಹೋದರು. ಅಂದಿನಿಂದ ನನ್ನ ಹತ್ತಿರ ಮಾತು ಕಡಿಮೆಯಾಗಿದೆ. ಸಿಟ್ಟಲ್ಲ. ನನ್ನ ಮಣಿಕಟ್ಟಿಗೆ ದಿನಾ ಬಿಸಿನೀರಿನ ಕಾವು ಕೊಡುತ್ತಾರೆ, ವಾಸಿಯಾಯಿತೆಂದರೂ ಬಿಡುವುದಿಲ್ಲ. ಏನಾಗಿದೆಯೆಂದು ನನಗೆ ತಿಳಿಯದು. ಗಾಡಿಯನ್ನು ಹಿರೇಕೆರೂರಿಗೆ ಕಳಿಸುವ ಮಾತನ್ನು ಬೇಡ ಎಂದೂ ಅಂದಿಲ್ಲ. ಸಂಕ್ರಾಂತಿ ಹತ್ತಿರ ಬಂತು.

ನನ್ನ ಮೊಣಕಾಲು ಮಾಯ್ದಿದೆ. ಕಲೆ ಉಳಿದಿದೆ.

ಈಗ ನಾನು ಕೇಳುವುದನ್ನು ಕೇಳಲೇ? ನಿಮ್ಮ ಪತ್ರವನ್ನು ಹಳೆಯ ಪತ್ರಗಳ ಪಕ್ಕದಲ್ಲಿಟ್ಟು ನೋಡಿದೆ. ಮೊದಲು ನಿಮ್ಮ ಅಕ್ಷರ ಗೆರೆ ಎಳೆದ ಹಾಗೆ ಇರುತ್ತಿತ್ತು. ಈ ಸಲ ಸಾಲುಗಳೆಲ್ಲ ಕೆಳಗೆ ಜಾರಿವೆ. ಅಂಜಬೇಡ ಎಂದು ಬರೆದಿದ್ದೀರಿ. ಅಕ್ಷರಕ್ಕೆ ಕ್ಷಮೆ ಕೇಳಿ ಪತ್ರ ಶುರು ಮಾಡುವವರ ಕೈಗೆ ಏನೋ ಆಗಿರುತ್ತದೆ. ನನಗೆ ಗೊತ್ತು, ನಾನೂ ಹಾಗೇ ಶುರು ಮಾಡಿದ್ದೆ. ನಾನು ನಿಮಗೆ ಒಡೆದ ಗಾಜಿನಿಂದ ಹಿಡಿದು ಎಲ್ಲ ಬರೆದೆ. ನೀವೂ ಬರೆಯಿರಿ. ಅತ್ತೆಗೆ ಓದುವುದಿಲ್ಲ.

ಆಡೂರಿನ ಗುಡಿಯ ಹತ್ತಿರ ಹಳೆಯ ಶಾಸನದ ಕಲ್ಲಿದೆಯಲ್ಲ, ಸಣ್ಣವಳಿದ್ದಾಗ ಅದರ ಅಕ್ಷರಗಳ ಮೇಲೆ ಬೆರಳು ಆಡಿಸುತ್ತಿದ್ದೆ. ಒಂದೂ ತಿಳಿಯುತ್ತಿರಲಿಲ್ಲ. ಯಾರೋ ಯಾರಿಗೋ ಏನೋ ಹೇಳಿದ್ದಾರೆ ಎನ್ನುವುದಷ್ಟೇ ಬೆರಳಿಗೆ ತಿಳಿಯುತ್ತಿತ್ತು. ನಿಮ್ಮ ಪತ್ರದ ಮೇಲೂ ಈಗ ಹಾಗೇ ಬೆರಳು ಆಡಿಸುತ್ತೇನೆ.

ನಿಮ್ಮವಳೇ ಆದ,
ಶಾರವ್ವ


(ಪೋಸ್ಟ್ ಕಾರ್ಡು)
19-1-1981

ಶಾರಾ,

ರಜೆ ಸಿಕ್ಕಿದೆ. ಈ ಸಲ ದೊಡ್ಡ ರಜೆ. ಫೆಬ್ರುವರಿಯ ಎರಡನೆಯ ವಾರದಲ್ಲಿ ಹುಬ್ಬಳ್ಳಿಯಲ್ಲಿ ರೈಲು ಇಳಿದು, ಅಲ್ಲಿಂದ ಮುಂಜಾನೆಯ ಬಸ್ಸಿಗೆ ಬಂಕಾಪುರ ಕ್ರಾಸಿಗೆ ಬರುತ್ತೇನೆ. ನೀನು ಊಹಿಸಿದ್ದು ಸರಿ. ಹಿಮದಲ್ಲಿ ಜಾರದ ಹಾಗೆ ಲಾರಿಯ ಗಾಲಿಗೆ ಸರಪಳಿ ಕಟ್ಟುವಾಗ ಬರಿಗೈಯಲ್ಲಿ ಕಬ್ಬಿಣ ಹಿಡಿದಿದ್ದೆ, ಥಂಡಿಗೆ ಬೆರಳು ಕೆಟ್ಟಿತು. ಕಾರ್ಡಿನಲ್ಲಿ ಇದಕ್ಕಿಂತ ಹೆಚ್ಚು ಬೇಡ. ಬಂದ ಮೇಲೆ ನೋಡುವಿಯಂತೆ. ಅವ್ವನಿಗೆ ರಜೆಯ ಮಾತಷ್ಟೇ ಹೇಳು.

ನೀಲಪ್ಪ


ಬಂಕಾಪುರ
5-2-1981

ಇವರಿಗೆ,

ಈ ಪತ್ರ ಮುಟ್ಟುವ ಹೊತ್ತಿಗೆ ನೀವು ಅಲ್ಲಿಂದ ಹೊರಟಿರುತ್ತೀರಿ. ಆದರೂ ಬರೆಯುತ್ತಿದ್ದೇನೆ. ತಿರುಗಿ ನಮ್ಮ ಮನೆಗೇ ಬಂದರೆ ಇಬ್ಬರೂ ಕೂತು ಓದೋಣ.

ಸಂಕ್ರಾಂತಿಗೆ ಮಾವ ಟ್ರ್ಯಾಕ್ಟರ್ ತಂದಿದ್ದರು. ಹಗ್ಗವನ್ನೂ ತಂದಿದ್ದರು. ನಾನು ಒಳಗೆ ಒಲೆಯ ಮುಂದೆ ಕೂತು, ಹೊರಗೆ ಹೋಗಲು ಧೈರ್ಯವಾಗದೆ ಎಳ್ಳು ಹುರಿಯುತ್ತಿದ್ದೆ. ಎಳ್ಳು ಸೀದು ಹೋಯಿತು. ಹೊರಗೆ ಅತ್ತೆಯ ಧ್ವನಿ ಕೇಳಿಸಿತು. "ಫಕ್ಕೀರಪ್ಪಾ, ಹಗ್ಗಾ ಸುತ್ತಿ ಇಡು. ಅದಕ್ಕ ಥಂಡಿ ಆಗೇತಿ, ಎಲ್ಲಿಗೂ ಕಳಸೂದಿಲ್ಲ." ಮಾವ ಮೊದಲು ಚೇಷ್ಟೆ ಎಂದುಕೊಂಡರು. ಕೌದಿ ಹೊದ್ದು ನಿಂತ ಗಾಡಿಯನ್ನು ನೋಡಿದ ಮೇಲೆ, ಇದಕ್ಕೆ ಕಷಾಯ ಏನರ ಕುಡಸ್ತೀರೇನು ಎಂದು ಕೇಳಿ, ಎಳ್ಳು ಬೆಲ್ಲ ತಿಂದು ಹೋದರು. ಅಕ್ಕನಿಗೆ ನಿರಾಸೆಯಾಗಿರಬೇಕು. ಬಂದಾಗ ನೀವು ಹೋಗಿ ಮಾತಾಡಿಸಿಕೊಂಡು ಬರಬೇಕು.

ಅದೇ ವಾರ ಅತ್ತೆ ತಾವೇ ಶಿಗ್ಗಾಂವಿಯ ಸಂತೆಗೆ ಹೋಗಿ ಹಜರೇಸಾಬ ಮಿಸ್ತ್ರಿಯನ್ನು ಕರೆದುಕೊಂಡು ಬಂದರು. ಜೊತೆಗೆ ಅವರ ಹೆಂಡತಿ ಲಾಲಬಿಯೂ ಬಂದಿದ್ದರು, ಗಾಡಿ ಬೀಳಿಸಿದ ಸೊಸೆಯನ್ನು ನೋಡಲಿಕ್ಕೆ. ಹೆಣ್ಣಮಗಳು ಹೊಡದಾಳ ಅಂತ ಕೇಳಿ ನಂಬಲಿಲ್ಲ, ಅದಕ್ಕ ಬಂದೇನಿ ಎಂದರು. ನಾನು ಕಂಬದ ಹಿಂದೆ ನಿಂತೆ. ಅವರು ಅಲ್ಲಿಗೇ ಬಂದು ನನ್ನ ಕೈ ಹಿಡಿದು ನೋಡಿ, ಇಷ್ಟ ಸಣ್ಣ ಕೈಯಾಗ ಅಷ್ಟ ದೊಡ್ಡ ಗಾಡಿ ಎಂದು ನಕ್ಕರು. ಮಿಸ್ತ್ರಿ ಹ್ಯಾಂಡಲ್ ನೆಟ್ಟಗೆ ಮಾಡಿದರು, ಕಾಲಿಡುವ ಕಬ್ಬಿಣವನ್ನು ಕಾಸಿ ಬಡಿದು ಕೂಡಿಸಿದರು, ಹೊಸ ಹಿಡಿಕೆ ಹಾಕಿದರು. ದೀಪದ ಗಾಜು ಶಿಗ್ಗಾಂವಿಯಲ್ಲಿ ಸಿಗದೆ ಸವಣೂರಿನಿಂದ ತರಿಸಿದರು. ಟಾಕಿಯ ತಗ್ಗನ್ನು ಎತ್ತಲೇನವಾ ಎಂದು ನನ್ನನ್ನು ಕೇಳಿದರು. ಅದು ಇರಲಿ ಎಂದೆ. ನೀವು ಬಂದು ನೋಡಿ ಬೈಯಲು ಏನಾದರೂ ಉಳಿಯಬೇಕಲ್ಲ.

ಗಾಲಿಗೆ ಮಾತ್ರ ಕೈ ಹಚ್ಚಬೇಡಿರಿ ಎಂದು ಅತ್ತೆ ಮಿಸ್ತ್ರಿಗೆ ಹೇಳಿದರು. ಅದು ನನ್ನ ಕೆಲಸಾ ಎಂದರು.

ನಿಮ್ಮ ಕೈಯ ಮಾತನ್ನು ಅತ್ತೆಗೆ ಹೇಳಿಲ್ಲ. ಹೇಳಿದರೆ ಮತ್ತೆ ದಸಮಿಯನ್ನು ನೆನೆಸುತ್ತಾರೆ. ನೀವು ಎದುರಿಗೆ ನಿಂತಾಗ ತಾವೇ ನೋಡಲಿ. ಮನುಷ್ಯ ಎದುರಿಗೆ ಇದ್ದರೆ ಅಂಜಿಕೆ ಅರ್ಧ ಆಗುತ್ತದೆ. ನಾನು ಮಾತ್ರ ದಿನಾ ಲೆಕ್ಕ ಹಾಕುತ್ತೇನೆ, ಯಾವ ಬೆರಳು ಇರಬಹುದು, ಎಷ್ಟು ನೋವಿರಬಹುದು ಎಂದು. ರೇಸು ತಿರುವುವುದು ಬಲಗೈಯೇ ಅಲ್ಲವೇ? ಅದು ಆಗದಿದ್ದರೆ ಚಿಂತೆ ಬೇಡ. ನಾನು ಹೊಡೆಯುತ್ತೇನೆ. ಮೊದಲಿನ ಹಾಗೆ ನೀವು ಹಿಂದೆ ಕೂತು, ಸಾವಕಾಶ ಅನ್ನಿರಿ. ಆ ಮಾತು ಕೇಳಿ ಒಂದು ವರ್ಷವಾಯಿತು.

ಇವತ್ತು ಮುಂಜಾನೆಯದನ್ನು ಹೇಳಬೇಕೆಂದೇ ಈ ಪತ್ರಕ್ಕೆ ಕೂತೆ. ಎದ್ದು ನೋಡಿದರೆ ಒಲೆಯ ಮೇಲೆ ಸೀಗೆಕಾಯಿ ಕುದಿಯುತ್ತಿತ್ತು. ಇವತ್ತು ತಲೆ ಎರೆದುಕೊಳ್ಳುವ ದಿನವಲ್ಲವಲ್ಲ ಎಂದುಕೊಂಡೆ. ಅತ್ತೆ ಆ ಗಡಿಗೆಯನ್ನು ಅಂಗಳಕ್ಕೆ ತಂದಿಟ್ಟು, ಗಾಡೀನ ಹೊರಗ ತಾ ಎಂದರು. ತಂದೆ. ಕೌದಿ ಬಿಚ್ಚಿ ಮಡಿಚಿಟ್ಟು, ಗಾಲಿಯ ಮುಂದೆ ಕಾಲು ಮಡಿಚಿ ಕೂತರು. ಖಂಡೇಪೂಜೆಯ ದಿನ ಕೂತ ಹಾಗೆಯೇ. ಗಾಲಿಯ ತುಂಬ ಧೂಳು ಹಿಟ್ಟಿನ ಹಾಗೆ ಅಂಟಿತ್ತು. ಎಣ್ಣೆ ಇದ್ದಲ್ಲಿ ಧೂಳು ಕೂಡುತ್ತದೆ. ಅಡಿಗೆ ಮಾಡುವ ಹೆಂಗಸಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬಿಸಿನೀರು ಹಾಕಿ, ತೆಂಗಿನ ಜುಂಗಿನಿಂದ ತಿಕ್ಕಿದರು. ನಾನು ಹಿಡಿದು ನಿಂತು ಗಾಲಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದೆ. ಕರಿ ನೊರೆ ಇಳಿದು ಅಂಗಳದಲ್ಲಿ ಹರಿಯಿತು. ಮುಂದಿನ ಗಾಲಿ ಮುಗಿದು ಹಿಂದಿನದಕ್ಕೆ ಬಂದಾಗ, ತಲೆ ಎತ್ತದೆ ಹೇಳಿದರು:

"ಎಣ್ಣಿ ಹಚ್ಚಿದ ಮ್ಯಾಲ ಎರೀಬೇಕಾಗಿತ್ತು. ಹಚ್ಚಿ ಹಂಗ ಬಿಟ್ಟೆ ನೋಡು."

ನಾನು ಗಾಲಿ ತಿರುಗಿಸಿದೆ.

"ನಿನಗ ಅವತ್ತ ಗೊತ್ತಿತ್ತು" ಎಂದರು.

"ಇಲ್ಲೊಂಚೂರು ಉಳದೈತ್ರಿ ಅತ್ತಿ, ಸೀಗೀಕಾಯಿ ಹಾಕ್ರಿ" ಎಂದೆ.

ಹಾಕಿದರು. ನೀರು ಸುರಿದು, ತಮ್ಮ ಸೆರಗಿನಿಂದ ಒರೆಸಿದರು. ಎದ್ದು ನಿಂತು ಸೊಂಟ ಹಿಡಿದುಕೊಂಡು, ನನ್ನ ಮುಖವನ್ನು ಪೂರ್ತಿ ನೋಡಿದರು. ಕೌದಿ ಸುತ್ತಿದ ದಿನದಿಂದ ಹಾಗೆ ನೋಡಿರಲಿಲ್ಲ. ಆಮೇಲೆ, ಅಂವ ಬರೂ ದಿನಾ ಕ್ರಾಸಿಗೆ ನೀನ ಹೋಗು, ಏರಿ ಮ್ಯಾಲ ನೋಡಿಕೊಂಡು ಹೊಡಿ ಎಂದು ಹೇಳಿ, ಗಡಿಗೆ ಎತ್ತಿಕೊಂಡು ಒಳಗೆ ಹೋದರು.

ಗಾಡಿಯನ್ನು ಬೇವಿನ ಗಿಡದ ಆಚೆ, ಬಿಸಿಲು ಮೊದಲು ಬೀಳುವ ಕಡೆ ನಿಲ್ಲಿಸಿದೆ. ಎಮ್ಮೆಗೆ ಮೇವು ಹಾಕಿ, ರೊಟ್ಟಿ ಬಡಿದು, ಕೈ ತೊಳೆದುಕೊಂಡು ಮತ್ತೆ ಹೋದೆ. ಹಿಂದಿನ ಗಾಲಿಯ ಮೇಲೆ ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು.

ಶಾರವ್ವ